ಹುಟ್ಟೇ ಅಪರಾಧವಾಗಿದ್ದ ಕಾಲ: ಸಂಶಯದ ಕಾನೂನಿನ ಚರಿತ್ರೆ



ಆಗಸ್ಟ್ 15ರಂದು ನಾವೆಲ್ಲ ಧ್ವಜ ಹಾರಿಸುತ್ತೇವೆ. ಆದರೆ ಅದೇ ತಿಂಗಳ 31ನೇ ತಾರೀಖನ್ನು ವಿಮೋಚನೆಯ ದಿನವೆಂದು ಆಚರಿಸುವ ಲಕ್ಷಾಂತರ ಜನ ನಮ್ಮ ದೇಶದಲ್ಲಿದ್ದಾರೆ. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೂ ಇವರ ಮೇಲಿದ್ದ ಒಂದು ಕಾನೂನು ಹೋಗಲು ಇನ್ನೂ ಐದು ವರ್ಷ ಬೇಕಾಯಿತು. 1952ರ ಆಗಸ್ಟ್ 31ರಂದು ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ ರದ್ದಾಯಿತು. ಆದ್ದರಿಂದಲೇ ಆ ಜನರನ್ನು ಇಂದು ‘ವಿಮುಕ್ತ’ ಬುಡಕಟ್ಟುಗಳು ಎಂದು ಕರೆಯುತ್ತಾರೆ. ಕಳ್ಳತನ ಮಾಡಿದವನನ್ನು ಹಿಡಿಯುವ ಕಾನೂನುಗಳು ಬೇರೆ ಇದ್ದವು. ಇದು ಕಳ್ಳತನ ಮಾಡಬಹುದು ಎಂದು ಸರಕಾರ ಭಾವಿಸಿದ ಜಾತಿಯಲ್ಲಿ ಹುಟ್ಟಿದವನನ್ನು ಹಿಡಿಯುವ ಕಾನೂನಾಗಿತ್ತು.

ಈ ಚರಿತ್ರೆಯನ್ನು ಜುಮಾ ಖುತ್ಬಾದಲ್ಲಿ ಯಾಕೆ ಎತ್ತಿಕೊಂಡಿರಿ ಎಂದು ಕೆಲವರು ಕೇಳಬಹುದು. ನಮ್ಮ ಶಿರವಾಳ, ಶಹಾಪುರ, ಸುರಪುರದ ಕಡೆಯಿಂದ ಪ್ರತಿ ವರ್ಷ ಎಷ್ಟೋ ಹುಡುಗರು ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ಅಪರಿಚಿತ ಊರಿನಲ್ಲಿ ರಾತ್ರಿ ಪಾಳಿ ಮುಗಿಸಿ ಬರುವಾಗ ಯಾರೋ ತಡೆದು ಹೆಸರು ಕೇಳುತ್ತಾರೆ, ಚೀಲ ತೆಗೆಸುತ್ತಾರೆ. ಹೆಸರು ಕೇಳಿದ ಮೇಲೆ ಮಾತಿನ ಧಾಟಿ ಬದಲಾದರೆ ಆ ಹುಡುಗನ ಮನಸ್ಸಿನಲ್ಲಿ ಏನು ಉಳಿಯುತ್ತದೆ ಎಂಬುದು ಅವನ ತಾಯಿತಂದೆಗೆ ಗೊತ್ತು. ಹೆಸರು, ಬಟ್ಟೆ, ಗಡ್ಡ, ಜಾತಿ ನೋಡಿ ಸಂಶಯಿಸುವುದು ಇಂದು ಹುಟ್ಟಿದ ರೋಗವಲ್ಲ. ಅದು ಎಲ್ಲಿಂದ ಬಂತು ಎಂದು ತಿಳಿದರೆ ಅದಕ್ಕೆ ಮದ್ದು ಹುಡುಕುವುದು ಸುಲಭ.

ನಮ್ಮ ನೆಲದಲ್ಲೇ ಇದರ ಬೇರು

1830ರ ದಶಕದಲ್ಲಿ ಕಂಪನಿ ಸರಕಾರ ‘ಠಗ್ಗರ’ ನಿರ್ಮೂಲನೆಗೆ ಕೈಹಾಕಿತು. ದಾರಿಹೋಕರನ್ನು ಕೊಂದು ದೋಚುವವರನ್ನು ಶಿಕ್ಷಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ 1836ರಲ್ಲಿ ಬಂದ ಕಾಯ್ದೆ ಒಂದು ಹೊಸ ದಾರಿ ತೆರೆಯಿತು. ಇಂಥವನು ಇಂಥವನನ್ನು ಕೊಂದ ಎಂದು ಸಾಬೀತು ಮಾಡುವ ಅಗತ್ಯವೇ ಉಳಿಯಲಿಲ್ಲ. ಠಗ್ಗರ ಗುಂಪಿಗೆ ಸೇರಿದವನು ಎಂದು ಸಾಬೀತಾದರೆ ಸಾಕು, ಜೀವಾವಧಿ ಸೆರೆ. ಕೃತ್ಯದ ಜಾಗದಲ್ಲಿ ಗುಂಪು ಬಂದು ಕೂತಿತು. ಆ ಕಾಲದ ಠಗ್ಗರ ಬಗ್ಗೆ 1839ರಲ್ಲಿ ಪ್ರಸಿದ್ಧ ಇಂಗ್ಲಿಷ್ ಕಾದಂಬರಿ ಬರೆದ ಫಿಲಿಪ್ ಮೆಡೋಸ್ ಟೇಲರ್ ಮುಂದೆ ನಮ್ಮ ಸುರಪುರಕ್ಕೇ ಅಧಿಕಾರಿಯಾಗಿ ಬಂದವರು. ಅವರು ಕಟ್ಟಿಸಿದ ಬಂಗಲೆ ಇಂದಿಗೂ ಸುರಪುರದ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂದೇ ಹೆಸರಾಗಿದೆ.

1857ರಲ್ಲಿ ಬ್ರಿಟಿಷರು ಜನರಿಂದ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನು ತಂದರು. ಬೇಟೆಯನ್ನೇ ಬದುಕಾಗಿಸಿಕೊಂಡಿದ್ದ ಬೇಡರಿಗೆ ಆಯುಧ ಕೊಡುವುದೆಂದರೆ ಅನ್ನ ಮತ್ತು ಮಾನ ಎರಡನ್ನೂ ಕೊಟ್ಟಂತೆ. ಮುಧೋಳದ ಬಳಿಯ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು, ಸೆರೆ ಸಿಕ್ಕ ಹಲವರನ್ನು ಗಲ್ಲಿಗೇರಿಸಿತು. ಮರುವರ್ಷ, 1858ರ ಫೆಬ್ರವರಿಯಲ್ಲಿ, ಸುರಪುರದ ಸರದಿ. ರಾಜಾ ವೆಂಕಟಪ್ಪ ನಾಯಕರು ಸೋತು ಸೆರೆಯಾದರು, ಅದೇ ವರ್ಷ ತೀರಿಕೊಂಡರು. 1860ರ ಒಪ್ಪಂದದಂತೆ ಸುರಪುರ ಸೀಮೆ ಹೈದರಾಬಾದಿನ ನಿಜಾಮರ ಕೈಸೇರಿತು. ತಮ್ಮ ನೆಲಕ್ಕಾಗಿ ಕಾದಿದ ಈ ಬೇಡರು ಮುಂದೆ ಮುಂಬೈ ಪ್ರಾಂತದ ಪೊಲೀಸರ ಕಡತಗಳಲ್ಲಿ ‘ಅಪರಾಧಿ’ ಪಂಗಡವಾದರು. ಇಂದಿಗೂ ಮಹಾರಾಷ್ಟ್ರದ ವಿಮುಕ್ತ ಜಾತಿಗಳ ಪಟ್ಟಿಯಲ್ಲಿ ‘ಬೇರಡ’ ಎಂಬ ಹೆಸರಿದೆ.

1871ರ ಕಾಯ್ದೆ ಹೇಗೆ ಕೆಲಸ ಮಾಡುತ್ತಿತ್ತು?

1871ರ ಅಕ್ಟೋಬರ್‌ನಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿತ್ತು. 1911ರ ಕಾಯ್ದೆ ಅದನ್ನು ಮುಂಬೈ, ಮದ್ರಾಸು ಸೇರಿ ಇಡೀ ಬ್ರಿಟಿಷ್ ಭಾರತಕ್ಕೆ ಹಬ್ಬಿಸಿತು. 1924ರಲ್ಲಿ ಮತ್ತೆ ತಿದ್ದಿ ಬರೆದರು. ಉರ್ದು ಕಡತಗಳಲ್ಲಿ ಈ ಜನರಿಗೆ ‘ಜರಾಯಮ್ ಪೇಶಾ’ ಎಂಬ ಹೆಸರು. ಅಂದರೆ ಅಪರಾಧವೇ ಇವರ ಕುಲಕಸುಬು ಎಂಬ ಅರ್ಥ.

ಇದರ ಕ್ರಮ ಹೀಗಿತ್ತು. ಒಂದು ಪಂಗಡ ಅಪರಾಧದಲ್ಲಿ ನಿರತವಾಗಿದೆ ಎಂದು ಸರಕಾರ ಘೋಷಿಸುವುದು. ಒಮ್ಮೆ ಘೋಷಿಸಿದರೆ ಅದನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿಲ್ಲ. ಆಮೇಲೆ ಆ ಪಂಗಡದವರ ಹೆಸರು ರಿಜಿಸ್ಟರಿನಲ್ಲಿ ಬರೆಯುವುದು, ಬೆರಳಚ್ಚು ತೆಗೆದುಕೊಳ್ಳುವುದು, ಗೊತ್ತಾದ ಹೊತ್ತಿಗೆ ಹಾಜರಿ ಹಾಕಿಸುವುದು. ಊರು ಬಿಟ್ಟು ಹೋಗಬೇಕಾದರೆ ಪಾಸು ಬೇಕು. ಪಾಸಿಲ್ಲದೆ ಸಿಕ್ಕವನನ್ನು ಪೊಲೀಸರಷ್ಟೇ ಅಲ್ಲ, ಊರ ಕಾವಲುಗಾರನೂ ವಾರಂಟ್ ಇಲ್ಲದೆ ಹಿಡಿಯಬಹುದಾಗಿತ್ತು. ರಿಜಿಸ್ಟರಿನಲ್ಲಿ ಹೆಸರಿದ್ದವನು ಕಳ್ಳತನಕ್ಕೆ ಹೊರಟಂತೆ ಕಾಣುವ ಸ್ಥಿತಿಯಲ್ಲಿ ಸಿಕ್ಕರೂ ಜೈಲು. ಕದ್ದ ಮಾಲು ಬೇಕಿಲ್ಲ, ದೂರು ಕೊಟ್ಟವನೂ ಬೇಕಿಲ್ಲ. ಮಕ್ಕಳನ್ನು ತಾಯಿತಂದೆಯಿಂದ ಬೇರ್ಪಡಿಸಿ ಸರಕಾರಿ ಶಾಲೆಗಳಲ್ಲಿ ಇಡುವ ಅಧಿಕಾರವೂ ಈ ಕಾಯ್ದೆಯಲ್ಲಿತ್ತು.

ಯಾಕೆ ಈ ಜನರೇ? ಇವರಲ್ಲಿ ಹೆಚ್ಚಿನವರು ಒಂದು ಊರಿನಲ್ಲಿ ನೆಲೆ ನಿಲ್ಲದವರು. ನಮ್ಮ ತಾಂಡಾಗಳ ಲಂಬಾಣಿ ಬಾಂಧವರ ಹಿರಿಯರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದಖ್ಖನ್ನಿನ ಉದ್ದಗಲ ವ್ಯಾಪಾರ ಮಾಡಿದವರು. ಬಾದಶಾಹರ ಸೈನ್ಯಗಳಿಗೂ ದವಸ ಒದಗಿಸಿದವರು ಅವರೇ. ರೈಲು ಬಂದು ಆ ವ್ಯಾಪಾರ ನಿಂತಿತು. ಕಸುಬು ಕಳೆದುಕೊಂಡು ಅಲೆಯುವವನಿಗೆ ಸರಕಾರ ಕೊಟ್ಟ ಹೆಸರು ಕಳ್ಳ.

ಛಪ್ಪರಬಂದ್: ನಮ್ಮದೇ ಜಮಾಅತ್ತಿನ ಒಂದು ಅಧ್ಯಾಯ

ಈ ಪಟ್ಟಿಯಲ್ಲಿ ಕಲಿಮಾ ಹೇಳುವ ಜನರೂ ಇದ್ದರು ಎಂಬುದು ನಮ್ಮ ಎಷ್ಟೋ ಮನೆಗಳಿಗೆ ತಿಳಿದಿಲ್ಲ. ಬಿಜಾಪುರ ಸೀಮೆಯ ಛಪ್ಪರಬಂದ್ ಮುಸಲ್ಮಾನರು ಅಂಥವರು. ಹೆಸರೇ ಹೇಳುವಂತೆ ಚಪ್ಪರ ಕಟ್ಟುವುದು ಅವರ ಕಸುಬು. ಮೊಘಲ್ ಸೈನ್ಯದ ಜೊತೆ ದಕ್ಷಿಣಕ್ಕೆ ಬಂದು ಪಾಳೆಯಗಳಲ್ಲಿ ಗುಡಿಸಲು ಕಟ್ಟುತ್ತಿದ್ದವರ ಸಂತತಿ ತಾವು ಎಂದು ಅವರಲ್ಲಿ ಮಾತಿದೆ. ಸೈನ್ಯಗಳು ಹೋದವು, ಕೆಲಸವೂ ಹೋಯಿತು. ಕೆಲವರ ಮೇಲೆ ಖೋಟಾ ನಾಣ್ಯ ಮಾಡಿದ ಆರೋಪ ಬಂತು. ಕೆಲವರು ತಪ್ಪು ಮಾಡಿಯೂ ಇರಬಹುದು. ಆದರೆ ಪೊಲೀಸರು ಬರೆದದ್ದು ಆ ಕೆಲವರ ಹೆಸರನ್ನಲ್ಲ, ಇಡೀ ಪಂಗಡದ ಹೆಸರನ್ನು. 1908ರಲ್ಲಿ ಮುಂಬೈ ಪ್ರಾಂತದ ಪೊಲೀಸ್ ಮುಖ್ಯಸ್ಥ ಕೆನಡಿ ಅಪರಾಧಿ ವರ್ಗಗಳ ಬಗ್ಗೆ ಪೊಲೀಸರಿಗಾಗಿ ಹೊರತಂದ ಪುಸ್ತಕದಲ್ಲಿ ಛಪ್ಪರಬಂದರಿಗೂ ಒಂದು ಭಾಗ ಮೀಸಲಾಯಿತು. ಅಂಥ ಪುಸ್ತಕ ಓದಿದ ಠಾಣೆಯ ಫೌಜದಾರನಿಗೆ ಛಪ್ಪರಬಂದ್ ಎಂಬ ಹೆಸರೇ ಸಾಕ್ಷಿ.

ಅದೇ ಸುಮಾರಿಗೆ ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ಬಿಜಾಪುರದಲ್ಲಿ ಇಂಥ ಪಂಗಡಗಳಿಗಾಗಿ ‘ಸೆಟ್ಲಮೆಂಟ್’ ಆರಂಭಿಸಿದರು. ಮುಂದೆ ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲೂ ಇವು ಬಂದವು. ಶಾಲೆ ಇತ್ತು, ಗಿರಣಿಯಲ್ಲಿ ಕೆಲಸ ಕೊಡಿಸುತ್ತಿದ್ದರು, ನಿಜ. ಆದರೆ ಹಾಜರಿ ಕೊಡದೆ, ಪಾಸಿಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಹುಬ್ಬಳ್ಳಿ, ಗದಗಿನಲ್ಲಿ ಆ ಬಡಾವಣೆಗಳಿಗೆ ಜನ ಇವತ್ತಿಗೂ ‘ಸೆಟ್ಲಮೆಂಟ್’ ಎನ್ನುತ್ತಾರೆ. ಬೇಲಿ ಹೋಗಿದೆ, ಹೆಸರು ಹೋಗಿಲ್ಲ. ಛಪ್ಪರಬಂದರು ಇಂದು ಕರ್ನಾಟಕದ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿದ್ದಾರೆ. ಒಂದು ಸರಕಾರ ಇಟ್ಟ ಕಳಂಕವನ್ನು ತೊಳೆಯಲು ಇನ್ನೊಂದು ಸರಕಾರ ಮೀಸಲಾತಿ ಕೊಡಬೇಕಾಯಿತು.

ಕಾಯ್ದೆ ಹೋಯಿತು, ಪಟ್ಟಿ ಉಳಿಯಿತು

1952ರ ನಂತರ ರಾಜ್ಯಗಳು ‘ರೂಢಿಗತ ಅಪರಾಧಿಗಳ’ ಕಾಯ್ದೆಗಳನ್ನು ತಂದವು. ಕರ್ನಾಟಕದ ಕಾಯ್ದೆ 1961ರದು. ಈ ಕಾಯ್ದೆಗಳಲ್ಲಿ ಜಾತಿಯ ಹೆಸರಿಲ್ಲ, ವ್ಯಕ್ತಿ ಶಿಕ್ಷೆ ಅನುಭವಿಸಿರಬೇಕು ಎಂಬ ನಿಯಮವಿದೆ. ಅದು ದೊಡ್ಡ ವ್ಯತ್ಯಾಸವೇ. ಆದರೂ ಠಾಣೆಯ ನೆನಪು ಕಾನೂನಿಗಿಂತ ಉದ್ದ. ಊರಿನಲ್ಲಿ ಕಳುವಾದರೆ ಮೊದಲು ಡೇರೆಗಳ ಕಡೆ ಹೋಗುವ ರೂಢಿ ಮುಂದುವರಿಯಿತು.

ಉತ್ತರ ಪ್ರದೇಶದ ಖರಕ್ ಸಿಂಗ್ ಅವರ ಪ್ರಕರಣ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. 1941ರಲ್ಲಿ ದರೋಡೆ ಆರೋಪದಲ್ಲಿ ಹಿಡಿದು, ಸಾಕ್ಷ್ಯವಿಲ್ಲವೆಂದು ಬಿಟ್ಟರು. ಬಿಟ್ಟ ಮೇಲೂ ಅವರ ಹೆಸರಿನಲ್ಲಿ ಹಿಸ್ಟರಿ ಶೀಟ್ ತೆರೆದರು. ಪೊಲೀಸರು ರಾತ್ರಿ ಬಂದು ಬಾಗಿಲು ತಟ್ಟಿ, ಮಲಗಿದ್ದವರನ್ನು ಎಬ್ಬಿಸುತ್ತಿದ್ದರು. 1962ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ರಾತ್ರಿ ಭೇಟಿಗಳು ಸಂವಿಧಾನಬಾಹಿರ ಎಂದಿತು. ಆದರೆ ಖಾಸಗಿತನ ಮೂಲಭೂತ ಹಕ್ಕು ಎನ್ನಲು ಬಹುಮತ ಒಪ್ಪಲಿಲ್ಲ. ನ್ಯಾಯಮೂರ್ತಿ ಸುಬ್ಬರಾವ್ ಮಾತ್ರ ಭಿನ್ನ ತೀರ್ಪಿನಲ್ಲಿ ಅದನ್ನು ಹಕ್ಕೆಂದು ಎತ್ತಿಹಿಡಿದರು. ಆ ಭಿನ್ನಮತ ಗೆಲ್ಲಲು 55 ವರ್ಷ ಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

2024ರಲ್ಲಿ ಇನ್ನೆರಡು ತೀರ್ಪುಗಳು ಬಂದವು. ಮೇ ತಿಂಗಳಲ್ಲಿ ದೆಹಲಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಿಂದುಳಿದವರ, ಪರಿಶಿಷ್ಟರ, ಬಡವರ ಮೇಲೆ ಯಾಂತ್ರಿಕವಾಗಿ ಹಿಸ್ಟರಿ ಶೀಟ್ ತೆರೆಯಬಾರದು ಎಂದು ಎಲ್ಲ ರಾಜ್ಯಗಳ ಗಮನ ಸೆಳೆಯಿತು. ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ, ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದು ಮಾಡಿತು. ವಿಮುಕ್ತ ಬುಡಕಟ್ಟಿನವರನ್ನು ಹುಟ್ಟಿನ ಕಾರಣಕ್ಕೆ ಅಪರಾಧಿಗಳಂತೆ ಕಾಣುವುದು ಸಂವಿಧಾನಕ್ಕೆ ವಿರುದ್ಧ ಎಂದೂ, ಅವರನ್ನು ಮನಬಂದಂತೆ ಬಂಧಿಸಬಾರದು ಎಂದೂ ಹೇಳಿತು. 1871ರಲ್ಲಿ ಶುರುವಾದದ್ದನ್ನು ಕೋರ್ಟು 2024ರಲ್ಲೂ ತಿದ್ದಬೇಕಾಯಿತು ಎಂಬುದನ್ನು ಗಮನಿಸಿ.

ನ್ಯೂಯಾರ್ಕಿನ ಲೆಕ್ಕ

ಸಂಶಯದ ಮೇಲೆ ತಡೆದು ಶೋಧಿಸಿದರೆ ಅಪರಾಧ ಕಡಿಮೆಯಾಗುತ್ತದೆ ಎಂದು ಹೇಳುವವರಿದ್ದಾರೆ. ಆ ಮಾತನ್ನು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಲೆಕ್ಕ ಹಾಕಿ ನೋಡಿದ್ದಾರೆ. 1968ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್, ಸಕಾರಣ ಸಂಶಯವಿದ್ದರೆ ಪೊಲೀಸರು ದಾರಿಯಲ್ಲಿ ಒಬ್ಬನನ್ನು ನಿಲ್ಲಿಸಬಹುದು, ಆಯುಧವಿದೆ ಎನಿಸಿದರೆ ಮೈ ತಡವಿ ನೋಡಬಹುದು ಎಂದು ಒಪ್ಪಿತ್ತು. 2004ರಿಂದ 2012ರ ನಡುವೆ ನ್ಯೂಯಾರ್ಕ್ ಪೊಲೀಸರು 44 ಲಕ್ಷ ಸಲ ಜನರನ್ನು ಹೀಗೆ ತಡೆದರು. ಅದರಲ್ಲಿ ಶೇ. 80ಕ್ಕಿಂತ ಹೆಚ್ಚು ಮಂದಿ ಕಪ್ಪು ಜನರು ಮತ್ತು ಹಿಸ್ಪಾನಿಕರು. ಜನಸಂಖ್ಯೆಯಲ್ಲಿ ಅವರು ಅರ್ಧದಷ್ಟು ಮಾತ್ರ. ಮೈ ತಡವಿದಾಗ ಆಯುಧ ಸಿಕ್ಕಿದ್ದು ಶೇ. 1.5ರಷ್ಟು ಸಲ. ತಡೆದವರಲ್ಲಿ ಶೇ. 88ರಷ್ಟು ಮಂದಿಯ ಮೇಲೆ ಮುಂದೆ ಯಾವ ಕ್ರಮವೂ ಆಗಲಿಲ್ಲ. 2013ರ ಆಗಸ್ಟ್‌ನಲ್ಲಿ ನ್ಯಾಯಾಧೀಶೆ ಶೀರಾ ಶೈಂಡ್ಲಿನ್ ಇದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟರು.

ಮುಂದೆ ಏನಾಯಿತು? 2011ರಲ್ಲಿ ಸುಮಾರು 6,85,000 ಇದ್ದ ತಡೆಗಳು 2018ರಲ್ಲಿ ಸುಮಾರು 11,000ಕ್ಕೆ ಇಳಿದವು. ನಗರ ಕೊಲೆಗಡುಕರ ಪಾಲಾಗಲಿಲ್ಲ. 2011ರಲ್ಲಿ 515 ಇದ್ದ ಕೊಲೆಗಳು 2018ರಲ್ಲಿ 300ಕ್ಕಿಂತ ಕೆಳಗೆ ಬಂದವು. ಅದೇ ನಗರದ ಪೊಲೀಸರು 2001ರ ದಾಳಿಯ ನಂತರ ಮಸೀದಿ, ಮುಸ್ಲಿಮರ ಅಂಗಡಿ, ವಿದ್ಯಾರ್ಥಿ ಸಂಘಗಳ ಮೇಲೆ ಗುಪ್ತ ನಿಗಾ ಇಡಲು ಒಂದು ವಿಭಾಗ ಮಾಡಿದ್ದರು. ಆ ವಿಭಾಗದ ವರದಿಗಳಿಂದ ಒಂದೂ ಭಯೋತ್ಪಾದನೆಯ ತನಿಖೆ ಆರಂಭವಾಗಿಲ್ಲ ಎಂದು ಹಿರಿಯ ಅಧಿಕಾರಿಯೇ 2012ರಲ್ಲಿ ಪ್ರಮಾಣ ಮಾಡಿ ಹೇಳಿದರು. 2014ರಲ್ಲಿ ಅದನ್ನು ಮುಚ್ಚಿದರು. ಇಡೀ ಸಮುದಾಯವನ್ನು ಸಂಶಯಿಸುವುದು ಅನ್ಯಾಯ ಮಾತ್ರವಲ್ಲ, ಪೊಲೀಸರ ಹೊತ್ತನ್ನೂ ಹಾಳು ಮಾಡುತ್ತದೆ. ಅಮಾಯಕನ ಚೀಲ ಹುಡುಕುತ್ತ ನಿಂತಾಗ ಕಳ್ಳ ಬೇರೆ ದಾರಿಯಲ್ಲಿ ಹೋಗಿರುತ್ತಾನೆ.

ದೀನ್ ಏನು ಕಲಿಸುತ್ತದೆ?

ಪವಿತ್ರ ಕುರ್‌ಆನಿನ ಸೂರಃ ಅಲ್ ಹುಜುರಾತ್ ಅತಿಯಾದ ಸಂಶಯವನ್ನೂ, ಇನ್ನೊಬ್ಬರ ಗುಟ್ಟು ಕೆದಕುವುದನ್ನೂ ನಿಷೇಧಿಸುತ್ತದೆ. ಸುದ್ದಿ ಬಂದಾಗ ಪರಿಶೀಲಿಸದೆ ಯಾರ ಮೇಲೂ ಎರಗಬೇಡಿ ಎಂದೂ ಅದೇ ಸೂರಃ ಹೇಳುತ್ತದೆ. ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬನು ಹೊರುವುದಿಲ್ಲ ಎಂಬುದು ಕುರ್‌ಆನ್ ಮತ್ತೆ ಮತ್ತೆ ನೆನಪಿಸುವ ನಿಯಮ. 1871ರ ಕಾಯ್ದೆ ಈ ನಿಯಮಕ್ಕೆ ನೇರ ವಿರುದ್ಧವಾಗಿತ್ತು.

ಸೂರಃ ಅನ್ನಿಸಾದ 105ರಿಂದ 113ರವರೆಗಿನ ಆಯತ್‌ಗಳ ಹಿನ್ನೆಲೆಯನ್ನು ವ್ಯಾಖ್ಯಾನಕಾರರು ಹೀಗೆ ಹೇಳಿದ್ದಾರೆ. ಮದೀನಾದಲ್ಲಿ ಮುಸ್ಲಿಮನೆಂದು ಹೇಳಿಕೊಳ್ಳುತ್ತಿದ್ದ ಒಬ್ಬನು ಕವಚ ಕದ್ದ. ಸಿಕ್ಕಿಬೀಳುವ ಭಯದಿಂದ ಅದನ್ನು ಒಬ್ಬ ಯಹೂದಿಯ ಮನೆಯಲ್ಲಿಟ್ಟು, ಅವನೇ ಕಳ್ಳ ಎಂದ. ಕುಲದವರೆಲ್ಲ ತಮ್ಮವನ ಪರ ನಿಂತರು. ಯಹೂದಿಯ ಮಾತು ಯಾರು ನಂಬುತ್ತಾರೆ ಎಂಬುದೇ ಅವರ ಧೈರ್ಯ. ಆಗ ಅಲ್ಲಾಹನು ಆಯತ್‌ಗಳನ್ನು ಇಳಿಸಿ ಆ ಯಹೂದಿಯನ್ನು ನಿರ್ದೋಷಿ ಎಂದು ತೋರಿಸಿದನು, ವಂಚಕರ ಪರ ವಾದಿಸಬೇಡಿ ಎಂದು ಎಚ್ಚರಿಸಿದನು. ಕಳ್ಳ ನಮ್ಮವನು, ಆರೋಪಿ ಹೊರಗಿನವನು ಆಗಿದ್ದಾಗ ಇಳಿದ ನ್ಯಾಯ ಇದು.

ಹಜರತ್ ಉಮರ್ (ರ) ಅವರ ಬಗ್ಗೆ ಒಂದು ರಿವಾಯತ್ ಪ್ರಸಿದ್ಧ. ರಾತ್ರಿ ಗಸ್ತಿನಲ್ಲಿ ಒಂದು ಮನೆಯೊಳಗಿನ ಸದ್ದು ಕೇಳಿ, ಗೋಡೆ ಹತ್ತಿ ಒಳಗೆ ಇಳಿದರು. ಅಲ್ಲಿ ಒಬ್ಬನು ತಪ್ಪು ಮಾಡುತ್ತಿದ್ದ. ಆದರೆ ಅವನು ಖಲೀಫರಿಗೇ ಉತ್ತರ ಕೊಟ್ಟ: ನಾನು ಒಂದು ತಪ್ಪು ಮಾಡಿದೆ, ತಾವು ಮೂರು ಮಾಡಿದಿರಿ. ಗುಟ್ಟು ಕೆದಕಿದಿರಿ, ಬಾಗಿಲಿನಿಂದ ಬರಲಿಲ್ಲ, ಅನುಮತಿಯಿಲ್ಲದೆ ಸಲಾಮ್ ಹೇಳದೆ ಬಂದಿರಿ. ಹಜರತ್ ಉಮರ್ (ರ) ಅವನನ್ನು ಬಿಟ್ಟು ಹೊರಟುಹೋದರು. ಖರಕ್ ಸಿಂಗ್ ಅವರ ಬಾಗಿಲು ತಟ್ಟಿದ ರಾತ್ರಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆಳುವವನು ಜನರಲ್ಲಿ ಸಂಶಯವನ್ನೇ ಹುಡುಕುತ್ತ ಹೋದರೆ ಅವರನ್ನು ಕೆಡಿಸುತ್ತಾನೆ ಎಂಬ ಅರ್ಥದ ಹದೀಸ್ ಅಬೂದಾವೂದ್‌ನಲ್ಲಿದೆ. ಕಳ್ಳನೆಂದು ದಿನವೂ ಕರೆಸಿಕೊಂಡ ಹುಡುಗ ಏನಾಗುತ್ತಾನೆ ಎಂಬುದನ್ನು ಈ ಮಾತು ವಿವರಿಸುತ್ತದೆ.

ನಾವು ಮಾಡಬೇಕಾದ್ದು

ಮೊದಲನೆಯದು, ನ್ಯಾಯವನ್ನು ನಮಗೆ ಮಾತ್ರ ಬೇಡುವುದು ನ್ಯಾಯವಲ್ಲ. ಊರ ಹೊರಗೆ ಪಾರ್ಧಿಗಳು, ಹರಣಶಿಕಾರಿಗಳು ಡೇರೆ ಹಾಕಿದಾಗ ನಮ್ಮ ಮಕ್ಕಳಿಗೆ ಏನು ಹೇಳಿಕೊಡುತ್ತೇವೆ? 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆಪ್ ಸುದ್ದಿ ರಾಜ್ಯವೆಲ್ಲ ಹಬ್ಬಿತ್ತು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಬಳಿ, ಮಕ್ಕಳಿಗೆ ಚಾಕಲೇಟ್ ಕೊಟ್ಟರೆಂಬ ಕಾರಣಕ್ಕೆ ಹೈದರಾಬಾದಿನಿಂದ ಬಂದವರ ಮೇಲೆ ಗುಂಪು ಎರಗಿ, ಒಬ್ಬ ಮುಸ್ಲಿಂ ಯುವಕ ಪ್ರಾಣ ಕಳೆದುಕೊಂಡ. ಅಂದು ಅವರನ್ನು ಕಾಪಾಡಲು ಹೋದ ಪೊಲೀಸರೂ ಗಾಯಗೊಂಡರು. ಸಂಶಯದ ರೋಗ ಖಾಕಿಯಲ್ಲಿ ಮಾತ್ರ ಇರುವುದಿಲ್ಲ. ಪರಿಶೀಲಿಸದ ಒಂದು ಸಂದೇಶವನ್ನು ಮುಂದೆ ಕಳಿಸುವ ಪ್ರತಿಯೊಬ್ಬರ ಬೆರಳಿನಲ್ಲೂ ಇರುತ್ತದೆ.

ಎರಡನೆಯದು, ಕಾನೂನು ತಿಳಿದುಕೊಳ್ಳಿ. ಪೊಲೀಸರು ತಡೆದರೆ ಓಡಬೇಡಿ, ಜಗಳ ಬೇಡ, ಗುರುತಿನ ಚೀಟಿ ತೋರಿಸಿ, ಮರ್ಯಾದೆಯಿಂದ ಉತ್ತರಿಸಿ. ಅವರ ಹೆಸರು ಎದೆಯ ಪಟ್ಟಿಯಲ್ಲಿ ಇರಬೇಕು ಎಂದು 1996ರ ಡಿ.ಕೆ. ಬಸು ತೀರ್ಪು ಹೇಳುತ್ತದೆ, ಅದನ್ನು ನೆನಪಿಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಬಂಧಿಸಿದರೆ ಕಾರಣ ತಿಳಿಸಬೇಕು (ಕಲಂ 47), ಮನೆಯವರಿಗೆ ಸುದ್ದಿ ಮುಟ್ಟಿಸಬೇಕು (ಕಲಂ 48), ಬಂಧಿತನಿಂದ ತೆಗೆದುಕೊಂಡ ವಸ್ತುಗಳಿಗೆ ರಸೀದಿ ಕೊಡಬೇಕು, ಹೆಣ್ಣುಮಕ್ಕಳನ್ನು ಹೆಣ್ಣುಮಕ್ಕಳೇ ಮರ್ಯಾದೆಯಿಂದ ಶೋಧಿಸಬೇಕು (ಕಲಂ 49). ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು (ಕಲಂ 58). ವಕೀಲರನ್ನು ಇಟ್ಟುಕೊಳ್ಳುವ ಹಕ್ಕನ್ನು ಸಂವಿಧಾನದ 22ನೇ ವಿಧಿಯೇ ಕೊಟ್ಟಿದೆ. ಹಣವಿಲ್ಲದವರು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು, 15100ಕ್ಕೆ ಕರೆ ಮಾಡಬಹುದು. ಅನ್ಯಾಯವಾದರೆ ದಿನ, ಹೊತ್ತು, ಜಾಗ ಬರೆದಿಟ್ಟು ಮೇಲಧಿಕಾರಿಗೆ, ಪೊಲೀಸ್ ದೂರು ಪ್ರಾಧಿಕಾರಕ್ಕೆ, ಮಾನವ ಹಕ್ಕು ಆಯೋಗಕ್ಕೆ ಲಿಖಿತ ದೂರು ಕೊಡಿ. ದುಡಿಯಲು ಹೊರಟ ಮಗನ ಚೀಲದಲ್ಲಿ ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಈ ನಾಲ್ಕು ಮಾತು ಬರೆದ ಚೀಟಿಯೂ ಇರಲಿ.

ಮೂರನೆಯದು, ನಮ್ಮವರಲ್ಲಿ ತಪ್ಪು ಮಾಡಿದವನನ್ನು ಮುಚ್ಚಿಡಬೇಡಿ. ಮದೀನಾದ ಆ ಕುಲದವರು ಮಾಡಿದ್ದು ಅದನ್ನೇ. ತಪ್ಪು ಮಾಡಿದವನಿಗೆ ಕಾನೂನಿನಂತೆ ಶಿಕ್ಷೆಯಾಗಲಿ. ಅವನ ಹೆಸರಿನಲ್ಲಿ ಅವನ ಓಣಿ, ಅವನ ಜಮಾಅತ್, ಅವನ ಮಕ್ಕಳು ಶಿಕ್ಷೆ ಅನುಭವಿಸದಿರಲಿ. ನಮ್ಮ ಪೊಲೀಸರಲ್ಲೂ ಹೀಗೆಯೇ ಯೋಚಿಸುವ ನ್ಯಾಯವಂತರಿದ್ದಾರೆ, ಅವರ ಕೈ ಬಲಪಡಿಸುವುದೂ ನಮ್ಮ ಕೆಲಸ.

ಯಾ ಅಲ್ಲಾಹ್, ಹುಟ್ಟಿನ ಕಾರಣಕ್ಕೆ ಅವಮಾನ ಉಂಡವರ ಗಾಯವನ್ನು ವಾಸಿಮಾಡು. ದೂರದ ಊರುಗಳಲ್ಲಿ ದುಡಿಯುವ ನಮ್ಮ ಮಕ್ಕಳನ್ನು ನಿನ್ನ ರಕ್ಷಣೆಯಲ್ಲಿಡು. ನಮ್ಮ ಕಣ್ಣಿನಿಂದ ಸಂಶಯವನ್ನೂ, ನಮ್ಮ ನಾಲಗೆಯಿಂದ ಸುಳ್ಳು ಸುದ್ದಿಯನ್ನೂ ದೂರವಿಡು. ಶತ್ರುವಿನ ವಿಷಯದಲ್ಲೂ ನ್ಯಾಯ ಬಿಡದ ಜನರಲ್ಲಿ ನಮ್ಮನ್ನು ಸೇರಿಸು. ಆಮೀನ್.